ಒಂದೇ ಮನೆಯಲ್ಲಿ ಎರಡು ಡಬ್ಲ್ಯು

ಓಡೀಲ್ ವುರ್ಲೋ ಏನು ಕೆಲಸ ಮಾಡುತ್ತಾಳೆ ಎಂದು ತುವಾರಿ ಎಂಬ ನಮ್ಮ ಊರಿನ ಬೇಕರಿಯಲ್ಲಿ ಯಾರನ್ನೇ ಕೇಳಿದರೂ ಕಾಲ ಕೆಳಗಿನ ನೆಲ ತೋರಿಸಿ, "ಅದೇ, ಕೆಳಗೆ" ಎನ್ನುತ್ತಿದ್ದರು. ನಮ್ಮ ಕಡೆ ಅಷ್ಟಂದರೆ ಸಾಕು. ಹೊಲಗಳ ಅಡಿಯಲ್ಲಿ, ನೂರು ಮೀಟರಿನಷ್ಟು ಆಳದಲ್ಲಿ, ದೊಡ್ಡ ಉಂಗುರದಂಥ ಸುರಂಗವಿದೆ. ಅದರೊಳಗೆ ಕಣಗಳು ಎದುರುಬದುರಾಗಿ ಓಡಿಬಂದು ಡಿಕ್ಕಿ ಹೊಡೆಯುತ್ತವೆ, ಮೇಲೆ ಹಸುಗಳು ಮೇಯುತ್ತವೆ. ಆ ಡಿಕ್ಕಿಯ ಸಂಬಳದಿಂದಲೇ ಊರಿನ ಅರ್ಧ ಮನೆಗಳ ಒಲೆ ಉರಿಯುವುದರಿಂದ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಕೇಳಿದವರಿಗೆ ಓಡೀಲ್ ಕೊಡುತ್ತಿದ್ದ ಉತ್ತರವೂ ಚಿಕ್ಕದೇ: "ತೂಕ ನೋಡ್ತೀನಿ." ಅವಳು ತೂಗುತ್ತಿದ್ದದ್ದು ಡಬ್ಲ್ಯು ಎಂಬ ಕಣವನ್ನು. ತೂಕ ಅಲ್ಲ, ದ್ರವ್ಯರಾಶಿ ಎನ್ನಬೇಕು ಎಂದು ಓದಿದವರು ತಿದ್ದುತ್ತಾರೆ. ತಿದ್ದಲಿ. ಅವಳ ಮನೆಯಲ್ಲಿ ಎಲ್ಲರೂ ತೂಕ ಎಂದೇ ಅನ್ನುತ್ತಿದ್ದರು. ಈ ಡಬ್ಲ್ಯುವನ್ನು ಹಿಡಿದು ತಟ್ಟೆಯ ಮೇಲೆ ಇಡಲಾಗದು, ಹುಟ್ಟಿದ ಕ್ಷಣವೇ ಅದು ಒಡೆದು ಚೂರಾಗುತ್ತದೆ. ಚೂರುಗಳು ಯಾವ ದಿಕ್ಕಿಗೆ, ಎಷ್ಟು ಜೋರಾಗಿ ಹಾರಿದವು ಎಂದು ನೋಡಿ, ಒಡೆಯುವ ಮೊದಲು ಅದು ಎಷ್ಟಿತ್ತು ಎಂದು ಲೆಕ್ಕ ಹಾಕಬೇಕು. ಸಾವಿರಾರು ಡಬ್ಲ್ಯುಗಳಿಗೆ ಹೀಗೆ ಮಾಡಿದರೆ ಕೊನೆಗೆ ಒಂದು ಸಂಖ್ಯೆ ಕೈಗೆ ಬರುತ್ತದೆ. ಆ ಒಂದು ಸಂಖ್ಯೆಗೆ ಓಡೀಲ್ ತನ್ನ ಆಯುಷ್ಯದ ಒಳ್ಳೆಯ ವರ್ಷಗಳನ್ನೆಲ್ಲ ಸುರಿದಿದ್ದಳು.

ಅವಳು ಈ ಊರಿನವಳೇ. ತಂದೆ ಬೇಗ ಹೋದ. ತಾಯಿ ಫೆರ್ನಾಂದ್ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸಿ ಮಗಳನ್ನು ಓದಿಸಿದಳು. ಲಿಯೋನ್ ನಗರದಲ್ಲಿ ಓದು ಮುಗಿಸಿ, "ಎರಡು ವರ್ಷ ಅಷ್ಟೇ" ಎಂದು ಪ್ರಯೋಗಾಲಯಕ್ಕೆ ಸೇರಿದ ಮಗಳು ಅಲ್ಲೇ ಬೇರುಬಿಟ್ಟಳು. ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಕಂಡುಹಿಡಿಯುವವರು ಟೀವಿಯಲ್ಲಿ ಬರುತ್ತಾರೆ, ರಾಜರ ಕೈಕುಲುಕುತ್ತಾರೆ. ಅವರು ಕಂಡುಹಿಡಿದದ್ದು ನಿಜವಾಗಿ ಎಷ್ಟಿದೆ ಎಂದು ಅಳೆಯುತ್ತ ಕೂರುವವರನ್ನು ಊಟಕ್ಕೆ ಕರೆಯುವವರೂ ಇಲ್ಲ. ಇದು ನ್ಯಾಯವಲ್ಲ, ಆದರೆ ಓಡೀಲಳಿಗೆ ಅದರ ಬೇಸರವಿರಲಿಲ್ಲ. ಅವಳಿಗಿದ್ದದ್ದು ಒಂದೇ ಚಟ, ತಪ್ಪು ಹುಡುಕುವುದು. ಅದೂ ತನ್ನ ತಪ್ಪು. ಸಭೆ ಮುಗಿದು ಎಲ್ಲರೂ ಕಾಫಿಗೆ ಏಳುವ ಹೊತ್ತಿಗೆ ಸರಿಯಾಗಿ, "ಮತ್ತೇನು ತಪ್ಪಿರಬಹುದು?" ಎಂಬ ಅವಳ ದನಿ ಹಿಂದಿನ ಸಾಲಿನಿಂದ ಬರುತ್ತಿತ್ತು. ಕೇಳಿ ಕೇಳಿ ಸುಸ್ತಾದ ಸಹೋದ್ಯೋಗಿಗಳು ಅವಳಿಗೆ "ಮತ್ತೇನು ಮೇಡಂ" ಎಂದೇ ಹೆಸರಿಟ್ಟಿದ್ದರು.

ಗಂಡ ರುಜ್ಜೇರೊ ಇಟಲಿಯ ಲಿವೋರ್ನೊ ಬಂದರಿನವನು. ಬಾಯಿ ದೊಡ್ಡದು, ಹೊಟ್ಟೆಯೂ ದೊಡ್ಡದು, ಮನಸ್ಸು ಬೆಣ್ಣೆ. ಅವನೂ ಡಬ್ಲ್ಯುವನ್ನೇ ತೂಗುತ್ತಿದ್ದ, ಆದರೆ ಉಂಗುರದ ಆಚೆ ಬದಿಯಲ್ಲಿ, ಬೇರೆ ಪ್ರಯೋಗದಲ್ಲಿ, ಬೇರೆ ತಂಡದ ಜೊತೆ. ಇವರ ಸಂಸಾರದ ಗಮ್ಮತ್ತು ಇರುವುದೇ ಇಲ್ಲಿ. ಈ ಜನರಲ್ಲಿ ಒಂದು ಕಟ್ಟಳೆಯಿದೆ. ಇಬ್ಬರು ಒಂದೇ ವಸ್ತುವನ್ನು ತೂಗುತ್ತಿದ್ದರೆ, ಕೆಲಸ ಮುಗಿಯುವವರೆಗೆ ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು. ಬಿದ್ದರೆ ಯಾರೂ ಬೇಕೆಂದು ಮೋಸ ಮಾಡುವುದಿಲ್ಲ. ಆದರೆ ಉತ್ತರ ಹೊಂದದಿದ್ದರೆ ಮನುಷ್ಯ ತಪ್ಪು ಹುಡುಕುತ್ತಲೇ ಇರುತ್ತಾನೆ, ಹೊಂದಿತೋ, ಕೈ ಒರೆಸಿಕೊಂಡು ಎದ್ದುಬಿಡುತ್ತಾನೆ. ಹುಡುಕದೆ ಉಳಿದ ತಪ್ಪು ಅಲ್ಲೇ ಕೂತಿರುತ್ತದೆ.

ಹಾಗಾಗಿ ಮದುವೆಯಾದ ಹೊಸತರಲ್ಲೇ ಇಬ್ಬರೂ ಮಾತು ಕೊಟ್ಟುಕೊಂಡಿದ್ದರು: ಡಬ್ಲ್ಯು ಮನೆಯೊಳಗೆ ಕಾಲಿಡುವ ಹಾಗಿಲ್ಲ. ಪ್ರಯೋಗದವರ ಫೋನ್ ಬಂದರೆ ರುಜ್ಜೇರೊ ಕೊರೆಯುವ ಚಳಿಯಲ್ಲೂ ತೋಟಕ್ಕೆ ಹೋಗಿ ಕೂಗಾಡಿ ಬರುತ್ತಿದ್ದ. ಓಡೀಲ್ ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆಯೇ ಕಂಪ್ಯೂಟರ್ ತೆರೆಯುತ್ತಿದ್ದಳು. ಜಗಳಕ್ಕೊಂದು ವಿಷಯ ಬೇಕಲ್ಲ, ಚೀಸಿನ ಮೇಲೆ ಆಡುತ್ತಿದ್ದರು. ನಮ್ಮ ಜೆಕ್ಸ್ ಸೀಮೆಯ ನೀಲಿ ಚೀಸು ಅವಳಿಗೆ ಪ್ರಾಣ, ಅವನು ಡಬ್ಬಿ ತೆರೆದರೆ ಮೂಗು ಮುಚ್ಚಿಕೊಳ್ಳುತ್ತಿದ್ದ.

ಆದರೆ ಹೊಟ್ಟೆಯಲ್ಲಿ ಇರುವುದನ್ನು ಎಲ್ಲಾದರೂ ಕಕ್ಕಲೇಬೇಕು. ಕೆಳಗಿನ ಮನೆಯಲ್ಲಿ ಫೆರ್ನಾಂದ್ ಇದ್ದಳು, ಎಂಬತ್ತು ದಾಟಿದರೂ ಗಟ್ಟಿಮುಟ್ಟು. ಅವಳ ಅಡುಗೆಮನೆಗೆ ಬೆಳಿಗ್ಗೆ ಮಗಳು ಬರುತ್ತಿದ್ದಳು, ಸಂಜೆ ಅಳಿಯ. ಇಬ್ಬರೂ ಅವಳ ಜೊತೆ ಹುರುಳಿಕಾಯಿಯ ನಾರು ಬಿಡಿಸುತ್ತ ತಮ್ಮ ತಮ್ಮ ಗೋಳು ತೋಡಿಕೊಳ್ಳುತ್ತಿದ್ದರು. ಮುದುಕಿಗೆ ಇದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ ಎಂಬುದೇ ಇಬ್ಬರ ಧೈರ್ಯ. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿತ್ತು, ಏನು ಹೇಳುತ್ತಾರೆ ಎಂದು ಮಾತ್ರ ಇಬ್ಬರೂ ಯೋಚಿಸಿರಲಿಲ್ಲ. ಇಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಗು ಬರುತ್ತದೆ.

ಅದು ಉಂಗುರದ ಕೊನೆಯ ವರ್ಷ. ಶರತ್ಕಾಲ ಕಳೆದರೆ ಯಂತ್ರವನ್ನೆಲ್ಲ ಬಿಚ್ಚಿ, ಅದೇ ಸುರಂಗದಲ್ಲಿ ಹೊಸದನ್ನು ಕಟ್ಟುವುದೆಂದು ನಿರ್ಧಾರವಾಗಿತ್ತು. ತಂಡಗಳು ಚೆದುರುತ್ತವೆ, ಮತ್ತೆ ತೂಗುವ ಅವಕಾಶವಿಲ್ಲ. ಅಂಥ ಹೊತ್ತಿನಲ್ಲಿ ಓಡೀಲಳ ಡಬ್ಲ್ಯು ಭಾರ ಬಂತು. ಬಹಳ ಅಲ್ಲ, ಚೂರು. ಆದರೆ ಪುಸ್ತಕದ ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು. ಅದು ನಿಜವಾದರೆ ಪುಸ್ತಕದಲ್ಲಿ ಇಲ್ಲದ, ಯಾರೂ ಕಾಣದ ಇನ್ನೊಂದು ಕಣ ಎಲ್ಲೋ ಮರೆಯಲ್ಲಿ ನಿಂತು ಡಬ್ಲ್ಯುವಿನ ತೂಕ ಹೆಚ್ಚಿಸುತ್ತಿದೆ ಎಂದರ್ಥ. ಸುಳ್ಳಾದರೆ ಓಡೀಲ್ ಎಲ್ಲೋ ಎಡವಿದ್ದಾಳೆ ಎಂದರ್ಥ. ಎಡವಿದ ಸಂಖ್ಯೆಯನ್ನು ತಿದ್ದಲು ಆಮೇಲೆ ಯಂತ್ರವೇ ಇರುವುದಿಲ್ಲ.

ಅವಳು ಚಳಿಗಾಲವಿಡೀ ಹುಡುಕಿದಳು. ಎಲ್ಲವನ್ನೂ ಜಾಲಾಡಿದ ಮೇಲೆ ಒಂದೇ ಪರೀಕ್ಷೆ ಉಳಿದಿತ್ತು. ಝೆಡ್ ಎಂಬ ಇನ್ನೊಂದು ಕಣವಿದೆ, ಡಬ್ಲ್ಯುವಿನ ಅಣ್ಣ ಎನ್ನಿ. ಅದರ ತೂಕ ಎಷ್ಟೆಂದು ಅದೇ ಉಂಗುರದಲ್ಲಿ ಹಿಂದೆಯೇ ಕೂದಲೆಳೆಯಷ್ಟೂ ಅನುಮಾನವಿಲ್ಲದಂತೆ ತಿಳಿದಿತ್ತು. ಈಗಿನ ಡಿಕ್ಕಿಗಳಲ್ಲೂ ಆಗೊಂದು ಈಗೊಂದು ಝೆಡ್ ಹುಟ್ಟುತ್ತದೆ. ಅವನ್ನೆಲ್ಲ ಹೆಕ್ಕಿ, ಡಬ್ಲ್ಯುವನ್ನು ತೂಗಿದ ತಕ್ಕಡಿಯಲ್ಲೇ ತೂಗಬೇಕು. ಗೊತ್ತಿರುವ ತೂಕವೇ ಬಂದರೆ ತಕ್ಕಡಿ ಸರಿ, ಅದೂ ಭಾರ ಬಂದರೆ ತಕ್ಕಡಿಯೇ ಸುಳ್ಳು. ಬೇಸರದ ಕೆಲಸ, ತಿಂಗಳುಗಟ್ಟಲೆ ಹಿಡಿಯುತ್ತದೆ. ತಂಡದ ಮುಖ್ಯಸ್ಥ ಪ್ರೆಬೆನ್ ಎಂಬ ಡೆನ್ಮಾರ್ಕಿನವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಜುಲೈ ಸಮ್ಮೇಳನದಲ್ಲಿ ಫಲಿತಾಂಶ ಹೇಳಬೇಕು ಎಂದು ಅವನು ತುದಿಗಾಲಲ್ಲಿ ನಿಂತಿದ್ದ. ಓಡೀಲ್ ಮಾತ್ರ ಝೆಡ್ ಆಗದೆ ತುಟಿ ಬಿಚ್ಚುವುದಿಲ್ಲ ಎಂದು ಹಟ ಹಿಡಿದಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಅವಳು ತಾಯಿಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದಳು.

"ಮುಖ ಯಾಕೆ ಹಾಗೆ ಸಪ್ಪೆ ಮಾಡ್ಕೊಂಡಿದೀಯ? ಇನ್ನೂ ಆ ಭಾರದ ಗೋಳೇನಾ?" ಎಂದಳು ಫೆರ್ನಾಂದ್.

"ಹೂಂ ಅಮ್ಮ. ಎಲ್ಲೋ ತಪ್ಪಿದೀನಿ ಅನ್ಸುತ್ತೆ."

"ಅಯ್ಯೋ ಬಿಡೇ. ರುಜ್ಜೇರೊಂದೂ ಭಾರಾನೇ ಬಂದಿದೆಯಂತೆ. ಅವನೂ ಇಲ್ಲೇ ಕೂತು ಹೀಗೇ ಗೊಣಗ್ತಿದ್ದ."

ಓಡೀಲಳ ಕೈ ನಿಂತಿತು. "ಅಮ್ಮ! ಅದನ್ನ ನನಗೆ ಹೇಳ್ಬಾರದು!"

"ಯಾಕೆ ಹೇಳ್ಬಾರದು? ನಿನ್ನ ಗಂಡನ ಸುದ್ದಿ ತಾನೇ ಹೇಳಿದ್ದು, ಪಕ್ಕದ್ಮನೆಯವಳ ಗಂಡಂದಲ್ಲವಲ್ಲ. ಆಲೂಗಡ್ಡೆ ಹೆರೆ, ನೀರು ಕುದೀತಿದೆ."

ಕೇಳಿದ್ದನ್ನು ಕೇಳಿಲ್ಲ ಅಂದುಕೊಳ್ಳಲು ಆಗುತ್ತದೆಯೇ? ಓಡೀಲ್ ಹೊರಗೆ ಬಂದು ಸೈಕಲ್ ಹತ್ತಿದಾಗ ಅವಳ ಎದೆ ಹಗುರಾಗಿತ್ತು, ನಾಚಿಕೆಯಾಗುವಷ್ಟು ಹಗುರಾಗಿತ್ತು. ಎರಡು ಪ್ರಯೋಗ, ಎರಡು ಯಂತ್ರ, ಎರಡು ತಂಡ, ಎರಡೂ ಕಡೆ ಭಾರ. ಹಾಗಾದರೆ ನಿಜ! ಬದುಕಿನಲ್ಲಿ ಮೊದಲ ಸಲ ತಾನೂ ಹೊಸದೊಂದರ ಬಾಗಿಲಲ್ಲಿ ನಿಂತಿದ್ದೇನೆ ಎನ್ನಿಸಿತು. ದಾರಿಯುದ್ದಕ್ಕೂ ಹಳದಿ ಸಾಸಿವೆ ಹೊಲ ಹೂಬಿಟ್ಟು ನಿಂತಿತ್ತು. ಅವಳು ಹಾಡಿಕೊಂಡು ಹೋದಳು. ಹಾಡಲು ಬಾರದವಳು.

ಆ ವಾರ ಅವಳೇ ಪ್ರೆಬೆನ್‌ನ ಕೋಣೆಗೆ ಹೋಗಿ, "ಜುಲೈಗೆ ಹೇಳೋಣ. ಝೆಡ್ ಆಮೇಲೆ ನೋಡಿದ್ರಾಯ್ತು" ಎಂದಳು.

ಪ್ರೆಬೆನ್ ಕುರ್ಚಿಯಿಂದ ಎದ್ದೇಬಿಟ್ಟ. "ಮತ್ತೇನು ಮೇಡಂ ಈ ಮಾತು ಹೇಳ್ತಿರೋದು? ಹುಷಾರಾಗಿದೀಯ ತಾನೇ?"

"ಎಷ್ಟಂತ ಹುಡುಕೋದು ಮಾರಾಯ" ಎಂದು ಅವಳು ನಕ್ಕಳು. ಪ್ರೆಬೆನ್ ಅಂದೇ ಸಮ್ಮೇಳನಕ್ಕೆ ಹೆಸರು ಕಳಿಸಿದ.

ಮೇ ತಿಂಗಳಲ್ಲಿ ರುಜ್ಜೇರೊ ಕಿಟಕಿಯ ಬಾಗಿಲುಗಳಿಗೆ ಬಣ್ಣ ಹಚ್ಚಲು ಶುರುಮಾಡಿದ. ಬಣ್ಣದ ಡಬ್ಬಿ ತಂದು ವರ್ಷಗಳೇ ಆಗಿದ್ದವು. "ಲೆಕ್ಕ ಮುಗಿಯಲಿ" ಎಂಬುದು ಅವನ ಖಾಯಂ ನೆಪ. ಈಗ ಏಣಿ ಹತ್ತಿ ಸಿಳ್ಳೆ ಹಾಕುತ್ತ ಹಸಿರು ಬಳಿಯುತ್ತಿದ್ದ. ಓಡೀಲ್ ಕೆಳಗೆ ನಿಂತು ನೋಡಿದಳು. ಮೊದಲು ಖುಷಿಯಾಯಿತು. ಆಮೇಲೆ ಅನುಮಾನ ಬಂತು. ಮೊನ್ನೆಯವರೆಗೆ ನಿದ್ದೆಗೆಟ್ಟು ಒದ್ದಾಡುತ್ತಿದ್ದವನು, ತಾನು ತಪ್ಪಿದ್ದೇನೆ ಎಂದು ಹೆದರಿದ್ದವನು, ಸಿಳ್ಳೆ ಹಾಕಬೇಕಾದರೆ ಏನಾಗಿರಬೇಕು?

ನೆಟ್ಟಗೆ ಕೆಳಗಿನ ಮನೆಗೆ ಹೋದಳು. "ಅಮ್ಮ, ನಿಜ ಹೇಳು. ನನ್ನದು ಭಾರ ಬಂದಿದೆ ಅಂತ ರುಜ್ಜೇರೊಗೆ ಹೇಳಿದೀಯಾ?"

"ಹೇಳ್ದೆ. ಪಾಪ, ಊಟ ಬಿಟ್ಟು ಒಣಗ್ತಿದ್ದ. ನಿನ್ನ ಹೆಂಡ್ತಿದೂ ಹಾಗೇ ಅಂತೆ, ತಲೆ ಕೆಡಿಸ್ಕೋಬೇಡ ಅಂದೆ. ಅವತ್ತೇ ಎರಡು ತಟ್ಟೆ ಸೂಪು ಕುಡಿದ."

"ಅಯ್ಯೋ ಅಮ್ಮ..."

"ಏನು ಅಯ್ಯೋ ಅಮ್ಮ? ಇಬ್ಬರೂ ಬಂದು ಬಂದು ನನ್ನ ಕಿವಿ ತುಂಬಿಸ್ತೀರಿ. ನಾನೇನು ಗೋಡೆನಾ? ಒಂದೇ ಹಾಸಿಗೆಯಲ್ಲಿ ಮಲಗೋರು ಒಬ್ರಿಗೊಬ್ರು ಹೇಳ್ಕೊಂಡಿದ್ರೆ ನನಗ್ಯಾಕೆ ಈ ಉಸಾಬರಿ?"

ಮುದುಕಿಯನ್ನು ಬೈದು ಪ್ರಯೋಜನವಿಲ್ಲ. ಓಡೀಲ್ ಮೆಟ್ಟಿಲ ಮೇಲೆ ಹೋಗಿ ಕೂತಳು. ಅವಳಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಅವನದು ಭಾರ ಎಂದು ಕೇಳಿ ತಾನು ಹುಡುಕುವುದನ್ನು ಬಿಟ್ಟಿದ್ದಳು. ತನ್ನದು ಭಾರ ಎಂದು ಕೇಳಿ ಅವನು ಬಿಟ್ಟಿದ್ದ. ಎರಡು ತಂಡಗಳ ನೂರಾರು ಜನರ ದುಡಿಮೆ ಈಗ ಒಬ್ಬ ಮುದುಕಿಯ ಅನುಕಂಪದ ಮೇಲೆ ನಿಂತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಯಂತ್ರಗಳೇನೋ ಎರಡು, ಆದರೆ ಓಡುವ ಕಣಗಳಿಗೆ ಎಷ್ಟು ಶಕ್ತಿಯಿದೆ ಎಂಬ ಅಂಕಿಯನ್ನು ಎಲ್ಲ ಪ್ರಯೋಗಗಳಿಗೂ ಕೊಡುವವರು ಉಂಗುರ ನಡೆಸುವವರೇ. ಆ ಅಂಕಿ ಹೆಚ್ಚಾಗಿದ್ದರೆ ಎಲ್ಲರ ಡಬ್ಲ್ಯುವೂ ಒಟ್ಟಿಗೆ ಭಾರ ಬರುತ್ತದೆ. ಇದು ಅವಳಿಗೆ ಗೊತ್ತಿರದ ವಿಷಯವಲ್ಲ, ಹೊಸಬರಿಗೆ ತಾನೇ ಪಾಠ ಹೇಳಿದ್ದಳು. ಖುಷಿಯಲ್ಲಿ ಮರೆತಿದ್ದಳು ಅಷ್ಟೇ. ಅದನ್ನು ಬಯಲಿಗೆಳೆಯುವ ಪರೀಕ್ಷೆ ಝೆಡ್ ಒಂದೇ, ಅದನ್ನೇ ಅವಳು ಆಮೇಲೆ ಎಂದು ತಳ್ಳಿದ್ದಳು.

ಮರುದಿನ ಪ್ರೆಬೆನ್‌ನ ಪಿತ್ತ ನೆತ್ತಿಗೇರಿತು.

"ಹೆಸರು ವಾಪಸ್ ತಗೋಬೇಕಾ? ನೀನೇ ತಾನೇ ಹೇಳೋಣ ಅಂದವಳು! ಕಾರ್ಯಕ್ರಮ ಅಚ್ಚಾಗಿದೆ ಓಡೀಲ್."

"ಅಚ್ಚಾಗಲಿ. ನಾನು ಯಾಕೆ ಹೂಂ ಅಂದೆ ಗೊತ್ತಾ? ಆಚೆಯವರ ಉತ್ತರ ನನ್ನ ಕಿವಿಗೆ ಬಿದ್ದಿತ್ತು. ಅದಕ್ಕೆ."

ಪ್ರೆಬೆನ್ ಎದ್ದು ಬಾಗಿಲು ಮುಚ್ಚಿದ. ಆಮೇಲೆ ದನಿ ತಗ್ಗಿಸಿ, "ಅವರದೂ ಭಾರಾನಾ?" ಎಂದ. ಅವನ ಕಣ್ಣಲ್ಲಿ ಆಸೆ ಮಿಂಚಿದ್ದು ಅವಳಿಗೆ ಕಂಡಿತು, ಏಕೆಂದರೆ ಅದು ಅವಳದೇ ಆಸೆ.

"ನೋಡಿದ್ಯಾ, ಹೀಗೇ ಹರಡೋದು" ಎಂದಳು ಓಡೀಲ್. "ನಾನು ಹೇಳಲ್ಲ. ಇನ್ನು ಕೇಳಬೇಡ. ನನಗೆ ಝೆಡ್ ತೂಗೋಕೆ ಬಿಡು."

ಅವನು ಗೊಣಗಿದ, ಮುಖ ಊದಿಸಿಕೊಂಡ, ಕೊನೆಗೆ ಹೆಸರು ಹಿಂತೆಗೆದುಕೊಂಡ. ಮನುಷ್ಯ ಕೆಟ್ಟವನಲ್ಲ. ಆತುರದವನು.

ಓಡೀಲ್ ಝೆಡ್‌ಗಳನ್ನು ಹೆಕ್ಕಲು ಕೂತಳು. ಈ ಸಲ ಬೆಳಿಗ್ಗೆ ತಾಯಿಯ ಹತ್ತಿರ ಹೋದರೂ ಹವೆಯ ಮಾತು, ಹಸುಗಳ ಮಾತು, ಪಕ್ಕದ ಮನೆಯ ನಾಯಿಯ ಮಾತು ಅಷ್ಟೇ. "ಏನೇ, ನನ್ನ ಮೇಲೆ ಮುನಿಸಾ?" ಎಂದು ಫೆರ್ನಾಂದ್ ಕೆಣಕಿದರೂ ಬಾಯಿ ಬಿಡಲಿಲ್ಲ. ಅವಳೊಳಗೆ ಇಬ್ಬರು ಕೂತು ಜಗಳವಾಡುತ್ತಿದ್ದರು. ಝೆಡ್ ಸರಿಯಾಗಿಯೇ ಬರಲಿ, ನನ್ನ ಹೊಸ ಕಣ ಉಳಿಯಲಿ ಎಂದು ಒಬ್ಬಳು ಬೇಡಿಕೊಳ್ಳುತ್ತಿದ್ದಳು. ನೀನು ಬೇಡಿಕೊಳ್ಳಬೇಡ, ತೂಗು ಎಂದು ಇನ್ನೊಬ್ಬಳು ಗದರುತ್ತಿದ್ದಳು.

ಜೂನ್ ಕೊನೆಗೆ ಉತ್ತರ ಬಂತು. ಝೆಡ್ ಭಾರವಾಗಿತ್ತು. ಅಣ್ಣನ ತೂಕ ಜಗತ್ತಿಗೇ ಗೊತ್ತು, ಅಷ್ಟು ಭಾರ ಇರಲು ಸಾಧ್ಯವೇ ಇಲ್ಲ. ಅಂದರೆ ತಕ್ಕಡಿಯೇ ಸುಳ್ಳು.

ಅವಳು ಪ್ರೆಬೆನ್‌ಗೆ ತೋರಿಸಿದಳು. ಅವನು ಬಹಳ ಹೊತ್ತು ಪರದೆ ನೋಡಿ, "ಉಂಗುರದವರಿಗೆ ಈಗಲೇ ಹೇಳೋಣ್ವಾ?" ಎಂದ.

"ನಾವೊಬ್ಬರೇ ಹೇಳಿದ್ರೆ ನಮ್ಮ ಯಂತ್ರದ್ದೇ ದೋಷ ಅಂತಾರೆ. ಆಚೆಯವರೂ ತೂಗಲಿ. ನಮ್ಮದು ಎಷ್ಟು ಅಂತ ಗೊತ್ತಿಲ್ಲದೆ ತೂಗಲಿ. ಅಲ್ಲೀವರೆಗೆ ಸುಮ್ಮನಿರು, ಕೈಮುಗೀತೀನಿ."

ಅಂದು ಮಧ್ಯಾಹ್ನ ರುಜ್ಜೇರೊ ಕಡಲೆಹಿಟ್ಟಿನ ರೊಟ್ಟಿ ಸುಟ್ಟಿದ್ದ, ಅವನ ಊರಿನ ತಿಂಡಿ. ಓಡೀಲ್ ತಟ್ಟೆ ಮುಟ್ಟಲಿಲ್ಲ.

"ಒಂದು ಮಾತು ಹೇಳ್ಬೇಕು, ರುಜ್ಜೇರೊ. ನಿನ್ನ ಡಬ್ಲ್ಯು ಭಾರ ಅಂತ ನನಗೆ ಗೊತ್ತು. ಅಮ್ಮ ಹೇಳಿದ್ಲು."

ಅವನ ಮುಖ ಕೆಂಪಾಯಿತು. "ನಿಂದೂ ನನಗೆ..."

"ಗೊತ್ತು. ನಾನು ಅದನ್ನ ಕೇಳಿದ ಮೇಲೆ ಹುಡುಕೋದು ನಿಲ್ಲಿಸ್ಬಿಟ್ಟೆ. ಖುಷಿಪಟ್ಟೆ. ಹಾಡ್ಕೊಂಡು ಹೋದೆ."

ರುಜ್ಜೇರೊ ಕೈಗೆ ಅಂಟಿದ ಹಸಿರು ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೂತ. "ನಾನು ಬಣ್ಣ ಹಚ್ಚಿದೆ" ಎಂದ ಕೊನೆಗೆ.

"ನೀನು ಝೆಡ್ ತೂಗಿದೀಯಾ?"

"ಇಲ್ಲ. ಯಾಕೆ ಬೇಕು, ಓಡೀಲಂದೂ ಹಾಗೇ ಬಂದಿದೆಯಲ್ಲ ಅಂದ್ಕೊಂಡೆ." ತಟ್ಟನೆ ತಲೆಯೆತ್ತಿದ. "ನೀನು ತೂಗಿದೀಯ! ಮುಖ ನೋಡಿದ್ರೇ ಗೊತ್ತಾಗುತ್ತೆ. ಎಷ್ಟು ಬಂತು? ಹೇಳೇ!"

ಓಡೀಲಳಿಗೆ ಉತ್ತರ ನಾಲಿಗೆ ತುದಿಯವರೆಗೂ ಬಂದಿತ್ತು. ಹೇಳಿದರೆ ಒಂದೇ ಉಸಿರಿಗೆ ಭಾರ ಇಳಿಯುತ್ತದೆ, ಗಂಡನ ಹೆಗಲ ಮೇಲೆ ತಲೆಯಿಟ್ಟು ಅಳಬಹುದು. ಅವಳು ಎದ್ದು ಮುಖ ಕಾಣದಂತೆ ಗೋಡೆಯ ಕಡೆ ತಿರುಗಿ ನಿಂತಳು.

"ಹೇಳಲ್ಲ. ಮುಖಾನೂ ತೋರಿಸಲ್ಲ. ನೀನೇ ತೂಗು."

"ಸಮ್ಮೇಳನಕ್ಕೆ ನಮ್ಮವರು ಹೆಸರು ಕೊಟ್ಟಾಗಿದೆ ಕಣೇ! ಏನಂತ ಹೇಳ್ಲಿ ಅವರಿಗೆ?"

"ಅತ್ತೆ ಮಾತು ಕೇಳಿ ಕೆಟ್ಟೆ ಅಂತ ಹೇಳು."

ರುಜ್ಜೇರೊ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ರೊಟ್ಟಿಯನ್ನು ಅಲ್ಲೇ ಬಿಟ್ಟು ಸೈಕಲ್ ತೆಗೆದುಕೊಂಡು ಹೋದ. ಎಡಗಡೆಯ ಕಿಟಕಿಗೆ ಹಸಿರು ಬಣ್ಣ, ಬಲಗಡೆಯದಕ್ಕೆ ಹಳೆಯದೇ. ಆ ಬೇಸಿಗೆಯೆಲ್ಲ ಮನೆ ಹಾಗೇ ನಿಂತಿತ್ತು, ಬೇಕರಿಯಲ್ಲಿ ಜನ ಆಡಿಕೊಂಡರು.

ಜುಲೈ ಸಮ್ಮೇಳನ ಇಬ್ಬರನ್ನೂ ಬಿಟ್ಟು ನಡೆದುಹೋಯಿತು. ಮೇಲಿನ ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುತ್ತಿರಲಿಲ್ಲ. ಮುನಿಸಿನಿಂದಲ್ಲ, ಮುಖದಲ್ಲಿ ಏನಾದರೂ ಓದಿಬಿಟ್ಟಾರು ಎಂಬ ಹೆದರಿಕೆಯಿಂದ. ಇಷ್ಟು ಪ್ರೀತಿಯ ದೂರವನ್ನು ನಮ್ಮ ಊರು ಬೇರೆ ಯಾವ ಮನೆಯಲ್ಲೂ ಕಂಡಿಲ್ಲ.

ಪ್ಲಮ್ ಹಣ್ಣಾಗುವ ಕಾಲಕ್ಕೆ, ಒಂದು ಭಾನುವಾರ ಫೆರ್ನಾಂದ್ ಇಬ್ಬರನ್ನೂ ಊಟಕ್ಕೆ ಕರೆದಿದ್ದಳು. ರುಜ್ಜೇರೊ ತಡವಾಗಿ ಬಂದ. ಕೋಟು ತೆಗೆಯಲಿಲ್ಲ, ಕೂರಲೂ ಇಲ್ಲ.

"ಮುಗೀತು. ನಮ್ಮ ತಂಡದವರೆಲ್ಲ ನೋಡಿ ಒಪ್ಪಿದಾರೆ. ಇನ್ನು ಬದಲಾಯ್ಸೋ ಹಾಗಿಲ್ಲ. ಈಗ ಹೇಳ್ಬಹುದಾ?"

"ಹೇಳು" ಎಂದಳು ಓಡೀಲ್. ಅವಳ ಕೈ ಮೇಜಿನ ಅಂಚನ್ನು ಹಿಡಿದಿತ್ತು.

"ಝೆಡ್ ಭಾರ. ತೊಂಬತ್ತೊಂದು ಸಾವಿರ ಚಿಲ್ಲರೆ ಇರಬೇಕಾದ್ದು, ಅದಕ್ಕಿಂತ ಅರವತ್ತೊಂದು ಹೆಚ್ಚು. ತಪ್ಪಿದ್ರೂ ಆಚೆ ಈಚೆ ಇಪ್ಪತ್ತು."

ಓಡೀಲ್ ಕಣ್ಣು ಮುಚ್ಚಿದಳು. ಆ ಕ್ಷಣದಲ್ಲಿ ಅವಳ ಹೊಸ ಕಣ ಸತ್ತಿತು. ಮರೆಯಲ್ಲಿ ಯಾರೂ ನಿಂತಿರಲಿಲ್ಲ, ಶಕ್ತಿಯ ಅಂಕಿಯೇ ಹೆಚ್ಚಾಗಿತ್ತು, ಅದನ್ನು ತಿದ್ದಿದರೆ ಇಬ್ಬರ ಡಬ್ಲ್ಯುವೂ ಪುಸ್ತಕ ಹೇಳಿದಷ್ಟೇ ತೂಗುತ್ತದೆ. ಟೀವಿಯಿಲ್ಲ, ರಾಜರಿಲ್ಲ. ದುಃಖವಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ದುಃಖದ ಅಡಿಯಿಂದ ಇನ್ನೊಂದು ಉಕ್ಕಿ ಬರುತ್ತಿತ್ತು, ಅದನ್ನು ತಡೆಯಲು ಅವಳಿಂದ ಆಗಲಿಲ್ಲ.

"ನಂದು ಐವತ್ತೆಂಟು" ಎಂದಳು. "ಆಚೆ ಈಚೆ ಹತ್ತೊಂಬತ್ತು." ಹೇಳುತ್ತಲೇ ಗೊಳೋ ಎಂದು ಅತ್ತಳು.

ಫೆರ್ನಾಂದ್ ಗಾಬರಿಯಿಂದ ಸೌಟು ಕೆಳಗಿಟ್ಟಳು. "ಅಳಬೇಡ್ವೇ. ಐವತ್ತೆಂಟು, ಅರವತ್ತೊಂದು... ಒಂದೇ ಬರಲಿಲ್ಲ ಅಂತ ತಾನೇ? ಇನ್ನೊಂದ್ಸಲ ಮಾಡಿದ್ರೆ ಬರುತ್ತೆ ಬಿಡು."

"ಒಬ್ರದು ಒಬ್ರಿಗೆ ಗೊತ್ತಿಲ್ಲದೆ ತೂಗಿದ್ದು, ಇದಕ್ಕಿಂತ ಒಂದೇ ಬರೋಕೆ ಸಾಧ್ಯಾನೇ ಇಲ್ಲ ಅತ್ತೆ" ಎಂದ ರುಜ್ಜೇರೊ. ಮೇಜು ಸುತ್ತಿ ಬಂದು ಹೆಂಡತಿಯ ಪಕ್ಕ ಕೂತು, ಕೋಟಿನ ತೋಳಿನಿಂದ ಅವಳ ಕೆನ್ನೆ ಒರೆಸಿದ.

"ಇನ್ನೊಂದ್ಸಲ ಹೇಳು" ಎಂದ.

"ಐವತ್ತೆಂಟು" ಎಂದಳು ಓಡೀಲ್, ಈ ಸಲ ಅವನ ಮುಖವನ್ನೇ ನೋಡುತ್ತ.